ಪಾಲಿನ ಡಿಕ್ರಿ ಎಲ್ಲುಂಟು?

"ಇದು ಕುಟುಂಬದ ಕೇಸಲ್ವಾ, ಹಾಗಾದರೆ ಕಾಗದ ಕುಟುಂಬ ನ್ಯಾಯಾಲಯದಲ್ಲಿ ಇರಬೇಕಲ್ಲ?" ಹಳೇ ಪಾಲಿನ ದಾವೆಯ ದಾಖಲೆ ಹುಡುಕಲು ಹೊರಟವರು ನನ್ನಲ್ಲಿ ಕೇಳುವ ಮೊದಲ ಪ್ರಶ್ನೆ ಇದು. ನಮ್ಮ ಮನೆಯ ದಾವೆಯ ಕಾಗದಗಳನ್ನು ಒಟ್ಟುಮಾಡಿದ ಮೇಲೆ ಊರಿನ ನಾಲ್ಕೈದು ಮನೆಯವರ ಜತೆ ಇದೇ ಕೆಲಸಕ್ಕೆ ಕೋರ್ಟಿನ ಮೆಟ್ಟಿಲು ಹತ್ತಿದ್ದೇನೆ. ನಾನು ವಕೀಲನಲ್ಲ, ತೋಟದವ. ಕಂಡದ್ದನ್ನು, ಕೇಳಿ ಖಚಿತಮಾಡಿಕೊಂಡದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ದಕ್ಷಿಣ ಕನ್ನಡದವರು ಹಾಗೆ ಕೇಳುವುದರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಕುಟುಂಬ ಎಂದರೆ ತರವಾಡು ಮನೆ, ಅದರ ಯಜಮಾನ, ಭೂತಸ್ಥಾನ, ನಾಲ್ಕು ಕಡೆ ಹಂಚಿಹೋದ ಕವರುಗಳು. ಸರಕಾರದ ಕುಟುಂಬ ನ್ಯಾಯಾಲಯಕ್ಕೆ ಕುಟುಂಬ ಎಂದರೆ ಗಂಡ, ಹೆಂಡತಿ ಮತ್ತು ಮಕ್ಕಳು, ಅಷ್ಟೆ. 1984ರ ಕಾಯಿದೆಯ ಪ್ರಕಾರ ಅಲ್ಲಿ ನಡೆಯುವುದು ವಿಚ್ಛೇದನ, ಜೀವನಾಂಶ, ಮಕ್ಕಳು ಯಾರ ಬಳಿ ಇರಬೇಕೆಂಬ ತಕರಾರು, ಗಂಡ ಹೆಂಡತಿ ನಡುವಿನ ಆಸ್ತಿಯ ಜಗಳ ಇಂಥವು. ಅಣ್ಣತಮ್ಮಂದಿರ ಪಾಲು, ಅಕ್ಕತಂಗಿಯರ ಪಾಲು, ಅಳಿಯಸಂತಾನದ ವಿಭಾಗ, ಇವೆಲ್ಲ ನಡೆದದ್ದು ಸಿವಿಲ್ ಕೋರ್ಟಿನಲ್ಲಿ. ನಮ್ಮ ಹಿರಿಯರ ಬಾಯಲ್ಲಿ ಅದು ಮುನ್ಸಿಫ್ ಕೋರ್ಟು. ಆಸ್ತಿಯ ಮೌಲ್ಯ ಹೆಚ್ಚಿದ್ದರೆ ಸಬ್ ಕೋರ್ಟು. ಈಗ ಬೋರ್ಡಿನಲ್ಲಿ ಸಿವಿಲ್ ನ್ಯಾಯಾಧೀಶರು, ಹಿರಿಯ ಸಿವಿಲ್ ನ್ಯಾಯಾಧೀಶರು ಎಂದಿದೆ.

ಮೈನರನ ಸ್ವಂತ ಆಸ್ತಿ ಮಾರಲು ಅನುಮತಿ ಕೊಟ್ಟದ್ದು ಜಿಲ್ಲಾ ನ್ಯಾಯಾಲಯ. ಅಂಥ ಜಾಗ ಕೊಂಡವರು ಆ ಆದೇಶದ ನಕಲನ್ನು ಅಲ್ಲಿ ಕೇಳಬೇಕು. 1974ರ ತಿದ್ದುಪಡಿಯ ನಂತರ ಡಿಕ್ಲರೇಶನ್ ಕೊಟ್ಟು ಗೇಣಿಯ ಭೂಮಿ ಪಡೆದವರ ಕಡತ ಯಾವ ಕೋರ್ಟಿನಲ್ಲೂ ಇಲ್ಲ. ಭೂನ್ಯಾಯ ಮಂಡಳಿಯ ಕಡತವನ್ನು ತಾಲೂಕು ಕಚೇರಿಯಲ್ಲಿ ಹುಡುಕಬೇಕು. ಎಷ್ಟೋ ಜನ ಈ ಮೂರನ್ನು ಒಂದೇ ಎಂದುಕೊಂಡು ತಪ್ಪು ಕಟ್ಟಡದ ಎದುರು ದಿನ ಕಳೆಯುತ್ತಾರೆ.

ಈಗ್ಯಾಕೆ ಹುಡುಕಬೇಕು?

ಅಜ್ಜನ ಕಾಲದಲ್ಲಿ ಡಿಕ್ರಿ ಆಗಿದೆ, ಅವರವರ ಪಾಲನ್ನು ಅವರವರು ಮಾಡಿಕೊಂಡು ಬಂದಿದ್ದಾರೆ, ಇನ್ನೆಂತ ಎಂದು ಸುಮ್ಮನಿರುವವರು ಬಹಳ. ತೊಂದರೆ ಗೊತ್ತಾಗುವುದು ಪಹಣಿ ತೆಗೆದಾಗ. ಒಂಬತ್ತನೇ ಕಾಲಮಿನಲ್ಲಿ ಇನ್ನೂ ಏಳು ಜನರ ಹೆಸರು. ಅದರಲ್ಲಿ ನಾಲ್ವರು ತೀರಿಹೋದವರು, ಒಬ್ಬರು ಮುಂಬಯಿಯಲ್ಲಿ. ಬೆಳೆಸಾಲಕ್ಕೆ ಹೋದರೆ ಜಂಟಿ ಖಾತೆದಾರರ ಒಪ್ಪಿಗೆ ತನ್ನಿ ಎನ್ನುತ್ತಾರೆ, ವಿಮೆಗೆ ಹೋದರೂ ಅದೇ ಮಾತು. ತೋಟ ನಿಮ್ಮದು, ಬೇಲಿ ನಿಮ್ಮದು, ಮದ್ದು ಬಿಡುವ ಖರ್ಚೂ ನಿಮ್ಮದು. ಕಾಗದ ಮಾತ್ರ ಎಲ್ಲರದು.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದುಂಟು. 2005ರ ತಿದ್ದುಪಡಿಯಿಂದ ಮಕ್ಕಳ ಸಂತಾನದ ಹಿಂದೂ ಅವಿಭಕ್ತ ಮನೆಗಳಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಬಂತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಗಟ್ಟಿಮಾಡಿತು. 2005ಕ್ಕೆ ಮೊದಲು ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಎಂದಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿ ಮುಗಿದ ಪಾಲನ್ನು ಕಾಯಿದೆ ಮುಟ್ಟುವುದಿಲ್ಲ. ಮುಗಿದ ಪಾಲು ಎಂದರೆ ಎರಡೇ ಬಗೆ: ನೋಂದಣಿಯಾದ ವಿಭಾಗಪತ್ರ, ಇಲ್ಲವೇ ಕೋರ್ಟಿನ ಡಿಕ್ರಿ. "ಬಾಯಿಮಾತಿನಲ್ಲಿ ಹಂಚಿಕೊಂಡಿದ್ದೆವು" ಎಂಬ ವಾದವನ್ನು, ಸರಕಾರಿ ದಾಖಲೆಗಳ ಬಲವಾದ ಬೆಂಬಲ ಇರುವ ಅಪರೂಪದ ಸಂದರ್ಭ ಬಿಟ್ಟರೆ, ಒಪ್ಪುವುದಿಲ್ಲ ಎಂದು ಅದೇ ತೀರ್ಪಿನಲ್ಲಿ ಇದೆ.

ಹಾಗಾಗಿ ಆ ಡಿಕ್ರಿ ಕೈಯಲ್ಲಿ ಉಂಟೋ ಇಲ್ಲವೋ ಎಂಬುದರ ಮೇಲೆ ಅಣ್ಣನಿಗೂ ತಂಗಿಗೂ ಹಕ್ಕಿನ ಲೆಕ್ಕವೇ ಬದಲಾಗುತ್ತದೆ. ಇದನ್ನು ಅಣ್ಣಂದಿರಿಗೆ ಮಾತ್ರ ಹೇಳುತ್ತಿಲ್ಲ. "ಪಾಲು ಆಗಿ ಹೋಗಿದೆ, ನಿನಗೆಂತ ಇಲ್ಲ" ಎಂದು ಮನೆಯಲ್ಲಿ ಹೇಳಿದ್ದನ್ನು ನಂಬಿ ಕೂತ ತಂಗಿಯೂ ಆ ಕಾಗದವನ್ನು ಕಣ್ಣಾರೆ ನೋಡಬೇಕು. ಆದದ್ದು ನಿಜವೇ, ಆಗಿದ್ದರೆ ಎಲ್ಲಿಯವರೆಗೆ ಆಗಿದೆ ಎಂಬುದು ಅದರಲ್ಲೇ ಇರುತ್ತದೆ.

ಡಿಕ್ರಿ ಎರಡು ಬಗೆ

ಈ "ಎಲ್ಲಿಯವರೆಗೆ" ಎಂಬುದೇ ಮುಖ್ಯ. ಪಾಲಿನ ದಾವೆಯಲ್ಲಿ ಡಿಕ್ರಿ ಎರಡು ಹಂತದಲ್ಲಿ ಬರುತ್ತದೆ. ಮೊದಲನೆಯದು ಪ್ರಾಥಮಿಕ ಡಿಕ್ರಿ. ಯಾರಿಗೆ ಎಷ್ಟನೇ ಒಂದು ಪಾಲು ಎಂದು ಅದು ಹೇಳುತ್ತದೆ: ಒಂದನೇ ವಾದಿಗೆ ಐದನೇ ಒಂದು, ಹೀಗೆ. ಯಾವ ಬಾಕಿಮಾರು ಗದ್ದೆ ಯಾರಿಗೆ, ಯಾವ ಬರೆಯ ತೋಟ ಯಾರಿಗೆ, ಕೆರೆಯ ನೀರು ಹೇಗೆ ಎಂಬುದು ಅದರಲ್ಲಿ ಇರುವುದಿಲ್ಲ. ಅದು ತೀರ್ಮಾನವಾಗುವುದು ಅಂತಿಮ ಡಿಕ್ರಿಯಲ್ಲಿ. ಕೋರ್ಟು ನೇಮಿಸಿದ ಕಮಿಷನರು ಸ್ಥಳಕ್ಕೆ ಬಂದು, ಅಳೆದು, ನಕ್ಷೆ ಬರೆದು, ವರದಿ ಕೊಟ್ಟು, ತಕರಾರು ಕೇಳಿದ ಮೇಲೆ ಆಗುವಂಥದ್ದು.

ನಾನು ನೋಡಿದ ಮನೆಗಳಲ್ಲಿ ಹೆಚ್ಚಿನವರ ಪೆಟ್ಟಿಗೆಯಲ್ಲಿ ಇದ್ದದ್ದು ಪ್ರಾಥಮಿಕ ಡಿಕ್ರಿ ಮಾತ್ರ. ಅದನ್ನೇ ಹಿಡಿದುಕೊಂಡು ಎಲ್ಲ ಮುಗಿದಿದೆ ಎಂದು ಎರಡು ತಲೆಮಾರು ಕಳೆದಿದ್ದಾರೆ. ಅಂತಿಮ ಡಿಕ್ರಿ ಆಗದೆ ಬಾಕಿ ಇದ್ದರೆ ಪಾಲಿನ ಪ್ರಮಾಣವನ್ನೇ ಕೋರ್ಟು ಬದಲಿಸಬಹುದು, ಹೆಣ್ಣುಮಕ್ಕಳನ್ನು ಸೇರಿಸಬಹುದು. ಸುಪ್ರೀಂ ಕೋರ್ಟು 2011ರಲ್ಲೂ 2020ರಲ್ಲೂ ಹೀಗೆಯೇ ಹೇಳಿದೆ. ಆದ್ದರಿಂದ ನಕಲಿಗೆ ಹೋದಾಗ "ಡಿಕ್ರಿ ಬೇಕು" ಎಂದಷ್ಟೇ ಬರೆದುಕೊಟ್ಟರೆ ಸಾಲದು. ಅಂತಿಮ ಡಿಕ್ರಿ, ಅದರ ಷೆಡ್ಯೂಲು, ಕಮಿಷನರ ವರದಿ, ನಕ್ಷೆ, ಇಷ್ಟನ್ನೂ ಹೆಸರು ಹಿಡಿದು ಕೇಳಬೇಕು. ಇದ್ದರೆ ಸಿಗುತ್ತದೆ. ಇಲ್ಲ ಎಂದಾದರೆ, ಇಲ್ಲ ಎಂದು ಗೊತ್ತಾದದ್ದೂ ಸಣ್ಣ ವಿಷಯವಲ್ಲ.

ಗಡುವಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪ್ರಾಥಮಿಕ ಡಿಕ್ರಿ ಆದ ಮೇಲೆ ಅಂತಿಮ ಡಿಕ್ರಿ ಕೇಳುವುದಕ್ಕೆ ಕಾಲಮಿತಿ ಇಲ್ಲ ಎಂದು 2009ರಲ್ಲಿ ತೀರ್ಪಾಗಿದೆ. ಅಜ್ಜನ ಡಿಕ್ರಿ ಎಂದು ಹೆದರಬೇಕಿಲ್ಲ. ಆದರೆ ಅಂತಿಮ ಡಿಕ್ರಿ ಆದ ಮೇಲೆ ಅದನ್ನು ಜಾರಿಮಾಡಿಸಿ ಜಾಗ ಕೈಗೆ ತೆಗೆದುಕೊಳ್ಳಲು 12 ವರ್ಷ ಮಾತ್ರ. ಇಲ್ಲಿ ಒಂದು ಗುಂಡಿ ಉಂಟು. ಪಾಲಿನ ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಬರೆಸಬೇಕು, ಅದರ ಹಣ ಪಾಲುದಾರರೇ ಹಾಕಬೇಕು. "ಛಾಪಾ ಕಾಗದ ಕೊಟ್ಟ ದಿನದಿಂದ ಲೆಕ್ಕ" ಎಂದು ನಂಬಿ ವರ್ಷಗಟ್ಟಲೆ ಹಣ ಹಾಕದೆ ಕೂತವರಿದ್ದಾರೆ. ಅದು ಹಾಗಲ್ಲ. ಡಿಕ್ರಿಯಾದ ದಿನದಿಂದಲೇ 12 ವರ್ಷ ಓಡುತ್ತದೆ ಎಂದು ಸುಪ್ರೀಂ ಕೋರ್ಟು 2005ರಲ್ಲಿ ಸ್ಪಷ್ಟಮಾಡಿದೆ. ಆ ದಿನಾಂಕ ಯಾವುದು ಎಂದು ತಿಳಿಯಲಿಕ್ಕಾದರೂ ನಕಲು ಬೇಕೇ ಬೇಕು.

ನಂಬರು ಸಿಕ್ಕಿದರೆ ಅರ್ಧ ಕೆಲಸ

ಕೋರ್ಟಿಗೆ ಹೋಗಿ ಅಜ್ಜನ ಹೆಸರು ಹೇಳಿದರೆ ಪ್ರಯೋಜನವಿಲ್ಲ. ದಾವೆಯ ನಂಬರು, ವರ್ಷ ಎರಡೂ ಬೇಕು. ದಾವೆಗಳಿಗೆ ಪ್ರತಿ ವರ್ಷ ಒಂದರಿಂದ ಹೊಸತಾಗಿ ನಂಬರು ಕೊಡುವುದರಿಂದ, ವರ್ಷವಿಲ್ಲದ ನಂಬರು ವಾರವಿಲ್ಲದ ತಾರೀಕಿನ ಹಾಗೆ ಅಲ್ಲ, ಅದಕ್ಕಿಂತ ಕಡೆ; ಹಿಡಿಯಲು ಏನೂ ಇರುವುದಿಲ್ಲ. ಓ.ಎಸ್. ಎಂದಿದ್ದರೆ ಮೂಲ ದಾವೆ, ಎಫ್.ಡಿ.ಪಿ. ಎಂದಿದ್ದರೆ ಅಂತಿಮ ಡಿಕ್ರಿಯ ಅರ್ಜಿ, ಆರ್.ಎ. ಎಂದರೆ ಅಪೀಲು, ಆರ್.ಎಸ್.ಎ. ಎಂದರೆ ಹೈಕೋರ್ಟಿನ ಎರಡನೇ ಅಪೀಲು. ಎಂ.ಸಿ. ಎಂದಿದ್ದರೆ ಅದು ಮದುವೆಯ ಪ್ರಕರಣ. ಹಳೆಯ ದಾವೆಗಳಲ್ಲಿ ಅಂತಿಮ ಡಿಕ್ರಿಗೆ ಬೇರೆ ನಂಬರು ಇಲ್ಲದೆ, ಅದೇ ಓ.ಎಸ್. ನಂಬರಿನಲ್ಲಿ ಐ.ಎ. ಅರ್ಜಿಯಾಗಿ ನಡೆದದ್ದೂ ಇದೆ. ಎಫ್.ಡಿ.ಪಿ. ಸಿಗಲಿಲ್ಲ ಎಂದ ಮಾತ್ರಕ್ಕೆ ಅಂತಿಮ ಡಿಕ್ರಿ ಆಗಿಲ್ಲ ಎಂದುಕೊಳ್ಳಬೇಡಿ.

ನಂಬರು ಹುಡುಕಲು ಮೊದಲು ಮನೆಯಲ್ಲೇ ತಡಕಬೇಕು. ಸಮನ್ಸಿನ ತುಂಡು, ವಕೀಲರಿಗೆ ಹಣ ಕೊಟ್ಟ ಚೀಟಿ, ಬಾಡಿಗೆ ಲೆಕ್ಕದ ಪುಸ್ತಕದ ಅಂಚಿನಲ್ಲಿ ಬರೆದ ವಾಯಿದೆ ದಿನಾಂಕ, ಯಾವುದಾದರೂ ಸಾಕು. ಒರಲೆ ತಿಂದು ಉಳಿದ ಕಾಗದವೆಂದು ಬಿಸಾಡಬೇಡಿ. ಆಮೇಲೆ ಪಹಣಿ. ಹತ್ತನೇ ಕಾಲಮಿನಲ್ಲಿ ಹಕ್ಕು ಹೇಗೆ ಬಂತು ಎಂದು ಮ್ಯುಟೇಶನ್ ನಂಬರು ಇರುತ್ತದೆ, ಹನ್ನೊಂದರಲ್ಲಿ ಋಣ ಮತ್ತು ಇತರ ಹಕ್ಕುಗಳು. ಆ ಮ್ಯುಟೇಶನ್ನಿನ ನಕಲು ತಾಲೂಕು ಕಚೇರಿಯಿಂದ ತೆಗೆಸಿದರೆ, ಕೋರ್ಟಿನ ಆದೇಶದಿಂದ ಆದ ಬದಲಾವಣೆಯಾಗಿದ್ದಲ್ಲಿ ದಾವೆ ನಂಬರು ಅದರಲ್ಲಿ ಬರೆದಿರುತ್ತದೆ. ಕಂಪ್ಯೂಟರ್ ಪಹಣಿ ಬರುವ ಮೊದಲಿನ ಕೈಬರಹದ ಪಹಣಿಯನ್ನೂ ಕೇಳಿ ನೋಡಿ. ಪಾಲಿನವರಲ್ಲಿ ಯಾರಾದರೂ ಜಾಗ ಮಾರಿದ್ದರೆ ಆ ಕ್ರಯಪತ್ರದ ಮೊದಲ ಪುಟ ಓದಿ. "ಇಂಥ ಕೋರ್ಟಿನ ಇಂಥ ನಂಬರಿನ ಡಿಕ್ರಿಯಂತೆ ನನಗೆ ಬಂದ" ಎಂಬ ಒಂದು ವಾಕ್ಯ ಇದ್ದೇ ಇರುತ್ತದೆ. ನನ್ನ ಅನುಭವದಲ್ಲಿ ಇದರಷ್ಟು ಸುಲಭದ ದಾರಿ ಬೇರೆ ಇಲ್ಲ. ಮಾರಿದವರ ಜತೆ ಮಾತಿಲ್ಲದಿದ್ದರೂ ಆ ಪತ್ರದ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ.

ಇ-ಕೋರ್ಟ್ಸ್ ಎಂಬ ಸರಕಾರಿ ವ್ಯವಸ್ಥೆ ಮೊಬೈಲಿನಲ್ಲೇ ಉಂಟು. ಕಕ್ಷಿದಾರರ ಹೆಸರು, ವರ್ಷ ಹಾಕಿ ಹುಡುಕಬಹುದು. ಸಿಕ್ಕಿದ ಪ್ರಕರಣಕ್ಕೆ ಹದಿನಾರು ಅಕ್ಷರ ಅಂಕೆಗಳ ಒಂದು ಸಿ.ಎನ್.ಆರ್. ನಂಬರು ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಹೆಸರನ್ನು ಎರಡು ಮೂರು ಬಗೆಯಲ್ಲಿ ಬರೆದು ನೋಡಬೇಕು. ಶೆಟ್ಟಿಯೋ ಸೆಟ್ಟಿಯೋ, ರಾವ್ ಇದೆಯೋ ಬಿಟ್ಟಿದೆಯೋ. ಆದರೆ ಅದರಲ್ಲಿ ಇರುವುದು ಕೋರ್ಟುಗಳು ಕಂಪ್ಯೂಟರಿಗೆ ಬಂದ ಮೇಲಿನ ಪ್ರಕರಣಗಳು ಮತ್ತು ಆಗ ಬಾಕಿ ಇದ್ದವು. 1960, 70ರ ದಾವೆಗೆ ರಿಜಿಸ್ಟರೇ ಗತಿ. ಸಿವಿಲ್ ದಾವೆಗಳ ರಿಜಿಸ್ಟರನ್ನು ಕೋರ್ಟು ಇಡಲೇಬೇಕೆಂದು ಕಾನೂನಿದೆ. ವರ್ಷ ಹೆಚ್ಚುಕಡಿಮೆ ಗೊತ್ತಿದ್ದರೆ ವಕೀಲರ ಮೂಲಕ ಪರಿಶೀಲನೆಯ ಅರ್ಜಿ ಹಾಕಿ ನೋಡಬಹುದು. ಇಲ್ಲಿ ಪಳಗಿದ ವಕೀಲರ ಗುಮಾಸ್ತರೊಬ್ಬರು ಸಿಕ್ಕಿದರೆ ನಿಮ್ಮ ಪುಣ್ಯ.

ಯಾವ ಕೋರ್ಟು ಎಂಬುದೂ ಯೋಚಿಸಬೇಕಾದ ಮಾತು. ಈಗಿನ ತಾಲೂಕು ನೋಡಿ ಹೋಗಬೇಡಿ, ದಾವೆ ಹಾಕಿದ ವರ್ಷದ ತಾಲೂಕು ನೋಡಿ. ಸುಳ್ಯ ಒಂದು ಕಾಲಕ್ಕೆ ಪುತ್ತೂರಿಗೆ ಸೇರಿತ್ತು, ಕಡಬ 2018ರಲ್ಲಷ್ಟೇ ಬೇರೆಯಾಯಿತು. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮೊದಲಿನ ಜಿಲ್ಲಾ ಕೋರ್ಟಿನ ಅಪೀಲು ಎಂದರೆ ಮಂಗಳೂರು. 1956ರ ನವೆಂಬರ್ 1ಕ್ಕೆ ಮೊದಲು ನಾವು ಮದ್ರಾಸಿನಲ್ಲಿದ್ದೆವು, ಆ ಕಾಲದ ಎರಡನೇ ಅಪೀಲು ಹೋದದ್ದು ಮದ್ರಾಸ್ ಹೈಕೋರ್ಟಿಗೆ. ಅಪೀಲು ಆಗಿದ್ದರೆ ಕೆಳಗಿನ ಕೋರ್ಟಿನ ಡಿಕ್ರಿ ಮಾತ್ರ ತಂದರೆ ಸಾಲದು. ಮೇಲಿನ ಕೋರ್ಟು ಕೊನೆಗೆ ಹೇಳಿದ್ದೇ ಡಿಕ್ರಿ.

ನಕಲು ಅರ್ಜಿ

ಕೋರ್ಟಿನ ತೀರ್ಪು, ಡಿಕ್ರಿ ಸಾರ್ವಜನಿಕ ದಾಖಲೆ. ನೋಡುವ ಹಕ್ಕಿರುವವನಿಗೆ ಶುಲ್ಕ ತೆಗೆದುಕೊಂಡು ದೃಢೀಕೃತ ನಕಲು ಕೊಡಬೇಕು. ಮೊದಲು ಇದು 1872ರ ಸಾಕ್ಷ್ಯ ಕಾಯಿದೆಯಲ್ಲಿತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ. ದಾವೆಯಲ್ಲಿ ನೀವೇ ವಾದಿಯೋ ಪ್ರತಿವಾದಿಯೋ ಆಗಿದ್ದರೆ ಅರ್ಜಿಗೆ ಕೋರ್ಟು ಫೀ ಸ್ಟಾಂಪು ಹಚ್ಚಿ ನಕಲು ವಿಭಾಗದಲ್ಲಿ ಕೊಟ್ಟರಾಯಿತು. ಅಜ್ಜ ಕಕ್ಷಿದಾರ, ನೀವು ಮೊಮ್ಮಗ ಎಂದಾದರೆ ಸಂಬಂಧ ತೋರಿಸಬೇಕು: ಮರಣ ಪ್ರಮಾಣಪತ್ರ, ವಂಶವೃಕ್ಷ, ಒಂದು ಅಫಿಡವಿಟ್. ಸಂಬಂಧವೇ ಇಲ್ಲದ ಮೂರನೆಯವರು, ಉದಾಹರಣೆಗೆ ಆ ಜಾಗ ಕೊಳ್ಳಹೊರಟವರು, ಯಾಕೆ ಬೇಕೆಂದು ಅಫಿಡವಿಟ್ಟಿನಲ್ಲಿ ಬರೆದು ನ್ಯಾಯಾಧೀಶರ ಆದೇಶ ಪಡೆಯಬೇಕು.

ಅರ್ಜಿ ಕೊಟ್ಟು ಮನೆಗೆ ಬಂದು ಕೂರುವುದಲ್ಲ. ಎಷ್ಟು ಪುಟ, ಎಷ್ಟು ಹಣ ಎಂದು ಲೆಕ್ಕಹಾಕಿ ನೋಟೀಸು ಬೋರ್ಡಿನಲ್ಲಿ ಹಾಕುತ್ತಾರೆ. ಗಡುವಿನೊಳಗೆ ಹಣ ಕಟ್ಟದಿದ್ದರೆ ಅರ್ಜಿ ವಜಾ. ಅಡಿಕೆ ಕೊಯ್ಲಿನ ಮಧ್ಯೆ ಮರೆತು ಎರಡೆರಡು ಸಲ ಅರ್ಜಿ ಕೊಟ್ಟವರನ್ನು ನೋಡಿದ್ದೇನೆ. ನಕಲಿನ ಕೊನೆಯಲ್ಲಿ ಒಂದು ಮೊಹರು ಇರುತ್ತದೆ: ಅರ್ಜಿ ಕೊಟ್ಟ ದಿನ, ಹಣ ಕೇಳಿದ ದಿನ, ಕಟ್ಟಿದ ದಿನ, ನಕಲು ತಯಾರಾದ ದಿನ. ಹೊಸ ತೀರ್ಪಿನ ಮೇಲೆ ಅಪೀಲು ಹೋಗುವವರಿಗೆ ಆ ದಿನಾಂಕಗಳು ಬೆಲೆಬಾಳುವಂಥವು. ನಕಲಿಗೆ ತಗಲಿದ ದಿನಗಳನ್ನು ಅಪೀಲಿನ ಗಡುವಿನಿಂದ ಬಿಟ್ಟು ಲೆಕ್ಕ ಹಾಕುತ್ತಾರೆ.

"ಮಾಹಿತಿ ಹಕ್ಕಿನಲ್ಲಿ ಹಾಕಿಬಿಡುವ, ಹತ್ತು ರೂಪಾಯಿಯಲ್ಲಿ ಆಯಿತಲ್ಲ" ಎನ್ನುವವರಿದ್ದಾರೆ. ನ್ಯಾಯಾಲಯದ ಕಡತಗಳಿಗೆ ಆ ದಾರಿ ನಡೆಯದು. ಕೋರ್ಟಿನ ನಿಯಮದಂತೆಯೇ ನಕಲು ಪಡೆಯಬೇಕೆಂದು 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಮೊಬೈಲಿನಿಂದ ಪ್ರಿಂಟು ತೆಗೆದದ್ದು ಓದಲಿಕ್ಕಾಯಿತು, ತಹಸೀಲ್ದಾರರ ಎದುರು ಇಡಲಿಕ್ಕಾಗಲಿಲ್ಲ; ಅಲ್ಲಿ ಮೊಹರಿನ ನಕಲೇ ಬೇಕು.

ಇನ್ನು ನಿಜವಾಗಿಯೂ ಕುಟುಂಬ ನ್ಯಾಯಾಲಯದ ಕಾಗದ ಬೇಕಾದವರೂ ಇದ್ದಾರೆ. ವಿಚ್ಛೇದನದ ಡಿಕ್ರಿ, ಜೀವನಾಂಶದ ಆದೇಶ. ಜೀವನಾಂಶಕ್ಕೆ ಜಮೀನಿನ ಮೇಲೆ ಋಣಭಾರ ಹಾಕಿದ್ದುಂಟು, ಜಾಗ ಕೊಳ್ಳುವವರು ಅದನ್ನು ವಿಚಾರಿಸಬೇಕು. ನಕಲು ಪಡೆಯುವ ಕ್ರಮ ಹೆಚ್ಚುಕಡಿಮೆ ಇದೇ. ಆದರೆ ಈ ಕಡತಗಳನ್ನು ಕಂಡವರಿಗೆಲ್ಲ ತೋರಿಸುವುದಿಲ್ಲ. ಹಿಂದೂ ವಿವಾಹ ಕಾಯಿದೆಯ ಪ್ರಕರಣಗಳು ಮುಚ್ಚಿದ ಬಾಗಿಲಿನೊಳಗೆ ನಡೆಯುವಂಥವು, ಅವನ್ನು ಅಚ್ಚುಹಾಕುವಂತಿಲ್ಲ. ಗಂಡ, ಹೆಂಡತಿ ಅಥವಾ ಅವರ ವಕೀಲರೇ ಕೇಳಬೇಕು. ಕುಟುಂಬ ನ್ಯಾಯಾಲಯದ ವ್ಯಾಪ್ತಿಗೆ ಬಾರದ ಊರುಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲೂ, ಜೀವನಾಂಶವಾದರೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೂ ವಿಚಾರಿಸಿ.

ಸಿಕ್ಕಿದ ಮೇಲೆ

ನಕಲು ಕೈಗೆ ಬಂದ ಕೂಡಲೆ ಷೆಡ್ಯೂಲನ್ನು ಪಹಣಿಯ ಪಕ್ಕದಲ್ಲಿಟ್ಟು ಓದಿ. ಸರ್ವೆ ನಂಬರು, ಹಿಸ್ಸೆ, ಎಕ್ರೆ, ಸೆಂಟ್ಸು, ಚಕ್ಕುಬಂದಿ. ಹಿಸ್ಸೆ ನಂಬರು ಆಮೇಲೆ ಬದಲಾಗಿದ್ದರೆ ಸರ್ವೆ ಕಚೇರಿಯಲ್ಲಿ ತಾಳೆ ನೋಡಬೇಕು. ಕೆಲವು ಹಳೇ ದಾವೆಗಳಲ್ಲಿ ಜಮೀನು ಪಾಲುಮಾಡುವ ಕೆಲಸ ಕಂದಾಯ ಇಲಾಖೆಗೆ ಹೋಗಿತ್ತು. ಅಂಥ ಕಡೆ ಅಳತೆಯ ಕಾಗದ ಕೋರ್ಟಿನಲ್ಲಿ ಇರದೆ ಅಲ್ಲೇ ಇರಬಹುದು. ಅಳಿಯಸಂತಾನದ ಡಿಕ್ರಿಯಾದರೆ "ಸಂತತಿ ಕವರು", "ನಿಸ್ಸಂತತಿ ಕವರು" ಎಂಬ ಮಾತುಗಳಿಗೆ ಗೆರೆ ಎಳೆಯಿರಿ. 1949ರ ಕಾಯಿದೆಯಂತೆ ನಿಸ್ಸಂತತಿ ಕವರಿಗೆ ಕೆಲವು ಸಂದರ್ಭಗಳಲ್ಲಿ ಸಿಗುತ್ತಿದ್ದುದು ಜೀವಿತಾವಧಿಯ ಹಕ್ಕು ಮಾತ್ರ. 1956ರ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಆ ಲೆಕ್ಕ ಬದಲಾಗಿದೆ. ಈ ಒಂದು ವಿಷಯಕ್ಕೆ ಮಾತ್ರ ಸ್ವಂತ ತರ್ಕ ಬೇಡ, ತಿಳಿದ ವಕೀಲರಿಗೆ ತೋರಿಸಿ.

ಅಂತಿಮ ಡಿಕ್ರಿ ಸರಿ ಇದ್ದರೆ ಅದರ ನಕಲಿನೊಂದಿಗೆ ಖಾತೆ ಬದಲಾವಣೆಗೆ ತಾಲೂಕು ಕಚೇರಿಯಲ್ಲಿ ಅರ್ಜಿ ಕೊಡಬೇಕು. ಪ್ರಾಥಮಿಕ ಡಿಕ್ರಿಯಲ್ಲೇ ನಿಂತಿದ್ದರೆ ಅಂತಿಮ ಡಿಕ್ರಿಗೆ ಕೋರ್ಟಿಗೇ ಹೋಗಬೇಕು. ಪ್ರಾಥಮಿಕ ಡಿಕ್ರಿ ಕೊಟ್ಟ ಮೇಲೆ ಬೇರೆ ಅರ್ಜಿಗೆ ಕಾಯದೆ ತಾವಾಗಿಯೇ ಮುಂದುವರಿಸಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಕೆಳಗಿನ ಕೋರ್ಟುಗಳಿಗೆ ಹೇಳಿದೆ. ಹಳೆಯದಕ್ಕೆ ನಾವೇ ಎಬ್ಬಿಸಬೇಕು. ಪಾಲಿನವರೆಲ್ಲ ಒಪ್ಪುವುದಾದರೆ ಲೋಕ ಅದಾಲತಿನಲ್ಲಿ ರಾಜಿಯಾಗಿ ಮುಗಿಸಬಹುದು. ಅಲ್ಲಿ ಆಗುವ ಅವಾರ್ಡಿಗೂ ಡಿಕ್ರಿಯ ಬೆಲೆಯೇ.

ಖರ್ಚಿಗೆ ಹೆದರುವವರಿಗೆ ಒಂದು ಮಾತು. ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ. ಉಳಿದವರಿಗೆ ಆದಾಯದ ಮಿತಿ ಇದೆ. ಕೇಳಿದರೆ ಕೊಡುತ್ತಾರೆ. ಕೇಳುವವರು ಕಡಿಮೆ.

ಕೊನೆಗೆ, ದಾವೆಯಲ್ಲಿ ನಿಶಾನಿ ಮಾಡಿಸಿದ ಮೂಲ ಪತ್ರಗಳ ವಿಷಯ. ಹಳೇ ಮೂಲಗೇಣಿ ಚೀಟು, ಅಡವುಪತ್ರ, ಕ್ರಯಪತ್ರಗಳನ್ನು ಕೋರ್ಟಿಗೆ ಹಾಜರುಪಡಿಸಿ ವಾಪಸು ತರದೆ ಬಿಟ್ಟವರು ತುಂಬಾ. ದಾವೆ ಮುಗಿದು ಅಪೀಲಿನ ಗಡುವು ಕಳೆದರೆ ಅರ್ಜಿ ಕೊಟ್ಟು ಅವನ್ನು ಹಿಂದಕ್ಕೆ ಪಡೆಯಬಹುದು. ತೀರ್ಪು, ಡಿಕ್ರಿಗಳನ್ನು ಉಳಿಸಿಕೊಂಡು ಉಳಿದ ಕಾಗದಗಳನ್ನು ವರ್ಷಗಳ ನಂತರ ನಾಶಮಾಡುವ ಪದ್ಧತಿ ಕೋರ್ಟುಗಳಲ್ಲಿ ಇದೆ. ನಿಮ್ಮ ಮನೆಯ ಪತ್ರ ಅಲ್ಲಿ ಉಳಿದಿದೆಯೋ ಎಂದು ನಕಲಿಗೆ ಹೋದ ದಿನವೇ ಕೇಳಿನೋಡಿ.